ಅಕ್ಕನಿಗಾಗಿ ಹೊಟ್ಟೆ ಕೊಯ್ಸಿಕೊಂಡ ದಿಂಬಣ್ಣ

ಬಸ್ಸು, ಕಾರುಗಳ ಸೀಟು ಹೊಲಿಯುವ ಆ ವರ್ಕ್‌ಶಾಪಿನಲ್ಲಿ ಅವನ ನಿಜವಾದ ಹೆಸರು ನೆನಪಿಟ್ಟುಕೊಂಡವರು ಯಾರೂ ಇರಲಿಲ್ಲ. ಎಲ್ಲರಿಗೂ ಅವನು ದಿಂಬಣ್ಣ. ಫೋಮು ತುಂಬಿ, ರೆಕ್ಸಿನ್ ಬಿಗಿಯಾಗಿ ಎಳೆದು, ಬಾಗಿದ ಸೂಜಿಯಲ್ಲಿ ಹೊಲಿಗೆ ಹಾಕುವುದರಲ್ಲಿ ಅವನ ಕೈ ಪಳಗಿದ ಕೈ. ಆದರೆ ಹೆಸರು ಬಂದದ್ದು ಕೈಯಿಂದಲ್ಲ, ಮೈಯಿಂದ. ಹೊಸ ಸೀಟನ್ನು ಗಿರಾಕಿಗೆ ಒಪ್ಪಿಸುವ ಮುಂಚೆ ಮಾಲೀಕ ಅವನನ್ನೇ ಕರೆದು ಅದರ ಮೇಲೆ ಕೂರಿಸುತ್ತಿದ್ದ. "ನಮ್ಮ ದಿಂಬಣ್ಣ ಕೂತು ಎದ್ದ ಮೇಲೂ ಸೀಟು ಮೊದಲಿನ ಹಾಗೇ ಉಬ್ಬಿತು ಅಂದ್ರೆ, ನಿಮ್ಮ ಮೊಮ್ಮಕ್ಕಳ ಕಾಲದ ತನಕ ಚಿಂತೆ ಇಲ್ಲ" ಎನ್ನುತ್ತಿದ್ದ. ಆಗ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ದಿಂಬಣ್ಣನೇ. ನೂರ ಮೂವತ್ತೆಂಟು ಕಿಲೋ ತೂಕ. ಎರಡು ಮಹಡಿ ಹತ್ತಿದರೆ ಮಧ್ಯದಲ್ಲಿ ನಿಂತು ಕಿಟಕಿಯ ಆಚೆ ಏನೋ ನೋಡುವವನ ಹಾಗೆ ನಟಿಸಬೇಕಾಗುತ್ತಿತ್ತು. ಅಷ್ಟು ಬಿಟ್ಟರೆ ಆ ಮೈ ಅವನಿಗೆ ಎಂದೂ ಭಾರ ಅನ್ನಿಸಿರಲಿಲ್ಲ.

ಆ ಮೈಯನ್ನು ಬೆಳೆಸಿದವಳು ಅಕ್ಕ. ತಾಯಿ ತೀರಿಕೊಂಡಾಗ ಅವನಿಗೆ ಐದು ವರ್ಷ, ಅವಳಿಗೆ ಹದಿನೇಳು. ಅಪ್ಪ ಗಿರಣಿಯಲ್ಲಿ ಪಾಳಿ ಕೆಲಸದವನು, ಮನೆಯಲ್ಲಿದ್ದರೂ ಇಲ್ಲದ ಹಾಗೆ. ಅಮ್ಮ ಬೇಕು ಎಂದು ಮಗು ಹಟ ಹಿಡಿದು ಅತ್ತಾಗ ಆ ಹುಡುಗಿಗೆ ಹೊಳೆದದ್ದು ಒಂದೇ ಉಪಾಯ, ಬಾಯಿಗೆ ಏನಾದರೂ ಇಡುವುದು. ಹಾಲಿನಲ್ಲಿ ನೆನೆಸಿ ಸಕ್ಕರೆ ಉದುರಿಸಿದ ಬ್ರೆಡ್ಡು, ಬೆಣ್ಣೆ ಸವರಿದ ಆಲೂಗಡ್ಡೆ, ಏನೂ ಇಲ್ಲದಿದ್ದರೆ ಬರೀ ಸಕ್ಕರೆ. ಅಳು ನಿಲ್ಲುತ್ತಿತ್ತು. ಆಮೇಲೆ ಅದೇ ರೂಢಿಯಾಯಿತು. ಪರೀಕ್ಷೆಯಲ್ಲಿ ಫೇಲಾಗಿ ಬಂದರೂ ತಟ್ಟೆ, ಪಾಸಾಗಿ ಬಂದರೂ ತಟ್ಟೆ. ಅವಳು ಹೋಟೆಲೊಂದರ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕುತ್ತ ತಮ್ಮನನ್ನು ಸಾಕಿದಳು, ಕೆಲಸ ಕಲಿಸಿದಳು, ಮದುವೆ ಮಾಡಿದಳು, ತನ್ನ ಮದುವೆಯನ್ನು ಮರೆತೇಬಿಟ್ಟಳು. ಅವನು ಬೇರೆ ಮನೆ ಮಾಡಿದ ಮೇಲೂ ಸಂಜೆ ಕೆಲಸ ಬಿಟ್ಟವನು ಮೊದಲು ಅಕ್ಕನ ಮನೆಗೆ ಹೋಗಿ ಒಂದು ಸುತ್ತು ತಿಂದು, ಆಮೇಲೆ ತನ್ನ ಮನೆಗೆ ಬಂದು ಇನ್ನೊಂದು ಸುತ್ತು ಕೂರುತ್ತಿದ್ದ. "ಊಟ ಎಲ್ಲ ಅತ್ತಿಗೆ ಮನೇಲೇ ಆಗಿರತ್ತೆ, ಇಲ್ಲಿ ಕೂರೋದು ಶಾಸ್ತ್ರಕ್ಕೆ" ಎಂದು ಹೆಂಡತಿ ಹಂಗಿಸಿದರೂ ಬಡಿಸುವುದನ್ನು ಬಿಡುತ್ತಿರಲಿಲ್ಲ.

ಅಕ್ಕನ ಕಾಲು ಊದಿಕೊಳ್ಳಲು ಶುರುವಾದಾಗ ಅವಳು ಅದನ್ನು ನಿಂತು ಮಾಡುವ ಕೆಲಸದ ತಲೆಗೆ ಕಟ್ಟಿದಳು. ಬಾಯಿ ಕಹಿ, ಏನು ತಿಂದರೂ ವಾಂತಿ. ಒಂದು ದಿನ ಇಸ್ತ್ರಿ ಮೇಜಿನ ಮುಂದೆಯೇ ಕುಸಿದುಬಿದ್ದಳು. ವರ್ಷಗಟ್ಟಲೆ ಯಾರ ಗಮನಕ್ಕೂ ಬಾರದೆ ಏರಿದ್ದ ರಕ್ತದೊತ್ತಡ ಎರಡೂ ಕಿಡ್ನಿಗಳನ್ನು ತಿಂದು ಹಾಕಿತ್ತು. ವಾರಕ್ಕೆ ಮೂರು ಸಲ ಡಯಾಲಿಸಿಸ್ ಶುರುವಾಯಿತು. ಆ ಕುರ್ಚಿಯಲ್ಲಿ ಅರ್ಧ ದಿನ ಒರಗಿ ಎದ್ದಳೆಂದರೆ ಒದ್ದೆ ಬಟ್ಟೆಯನ್ನು ಹಿಂಡಿ ಬಿಸಾಡಿದ ಹಾಗೆ ಇರುತ್ತಿದ್ದಳು. ಮೇಲಾಗಿ ಅವಳ ರಕ್ತನಾಳಗಳು ಸಣ್ಣವು. ಡಯಾಲಿಸಿಸ್ ಸೂಜಿಗೆಂದು ಕೈಯ ರಕ್ತನಾಳ ಜೋಡಿಸಿ ಮಾಡಿದ ದಾರಿ ಎರಡು ಸಲ ಮುಚ್ಚಿಹೋಗಿ, ಕುತ್ತಿಗೆಯ ಕೆಳಗೆ ನಳಿಕೆ ಇಟ್ಟು ರಕ್ತ ಶುದ್ಧ ಮಾಡುವ ಪರಿಸ್ಥಿತಿ ಬಂತು.

"ನನ್ನದು ತೆಗೀರಿ" ಎಂದ ದಿಂಬಣ್ಣ, ಕಿಡ್ನಿ ಡಾಕ್ಟರ ಮುಂದೆ. ರಕ್ತದ ಗುಂಪು ಒಂದೇ. ಬೇರೆ ಪರೀಕ್ಷೆಗಳೂ ಹೊಂದಿದವು. ಡಾಕ್ಟರು ವಯಸ್ಸಾದವರು, ಮಾತು ಕಡಿಮೆ. ಕೊನೆಯ ಕಾಗದ ಮಡಚಿಟ್ಟು ಹೇಳಿದರು: "ನಿಮ್ಮ ಕಿಡ್ನಿ ಚೆನ್ನಾಗಿದೆ. ನಿಮ್ಮ ಅಕ್ಕನಿಗೂ ಹೊಂದುತ್ತೆ. ಆದರೆ ಈ ತೂಕದಲ್ಲಿ ನಿಮ್ಮನ್ನ ನಾವು ಮುಟ್ಟಲ್ಲ."

"ಯಾಕೆ ಸಾರ್? ನನಗೇನೂ ಕಾಯಿಲೆ ಇಲ್ಲವಲ್ಲ!"

"ಇವತ್ತು ಇಲ್ಲ. ಒಂದು ಕಿಡ್ನಿ ಕೊಟ್ಟ ಮೇಲೆ ಉಳಿದ ಒಂದೇ ಕಿಡ್ನಿ ಇಷ್ಟು ದೊಡ್ಡ ಮೈಗೆ ದುಡೀಬೇಕು. ನಾಳೆ ನಿಮಗೆ ಸಕ್ಕರೆ ಕಾಯಿಲೆ, ಬೀಪಿ ಬಂದರೆ ಅದೂ ಹೋಗುತ್ತೆ. ಅಕ್ಕನ ಪಕ್ಕದ ಕುರ್ಚಿಯಲ್ಲಿ ನಿಮ್ಮನ್ನ ಕೂರಿಸೋಕೆ ನಾನು ತಯಾರಿಲ್ಲ. ನೂರಕ್ಕಿಂತ ಕೆಳಗೆ ಬನ್ನಿ, ಆಮೇಲೆ ನೋಡೋಣ."

ಹೊರಗೆ ಬಂದ ದಿಂಬಣ್ಣನಿಗೆ ಆಸ್ಪತ್ರೆಯ ಗಾಜಿನ ಬಾಗಿಲಲ್ಲಿ ತನ್ನ ಬಿಂಬ ಕಂಡಿತು. ಬಾಗಿಲಿನ ಎರಡೂ ಅಂಚಿಗೆ ತಾಕುವಂಥ ಆಕಾರ. ಅಕ್ಕ ಒಂದೊಂದು ತುತ್ತಾಗಿ ಕೂಡಿಟ್ಟದ್ದೆಲ್ಲ ಈಗ ಅವಳಿಗೇ ಅಡ್ಡ ನಿಂತಿತ್ತು. ಅವನಿಗೆ ನಗು ಬರಲಿಲ್ಲ.

ಪಥ್ಯ ಮಾಡಿದ. ಬೆಳಿಗ್ಗೆ ಎದ್ದು ನಡೆದ, ಮಂಡಿ ಊದಿಕೊಂಡಿತು. ವರ್ಕ್‌ಶಾಪಿನಲ್ಲಿ ಎಲ್ಲರೂ ಡಬ್ಬಿ ಬಿಚ್ಚಿದಾಗ ಎದ್ದು ಗೋದಾಮಿಗೆ ಹೋಗಿ ಫೋಮಿನ ಹಾಳೆಗಳ ನಡುವೆ ಕೂರುತ್ತಿದ್ದ. ಹತ್ತು ಕಿಲೋ ಇಳಿಯಿತು. ಅಷ್ಟರಲ್ಲಿ ಅಕ್ಕನ ಇನ್ನೊಂದು ನಳಿಕೆ ಕೆಟ್ಟುಹೋದ ಸುದ್ದಿ ಬಂತು. ಆ ದಿನ ಕೈ ತಾನಾಗಿಯೇ ಬ್ರೆಡ್ಡಿನ ಪೊಟ್ಟಣ ಬಿಚ್ಚಿತು. ಇಳಿದದ್ದು ಹತ್ತಾದರೆ ಏರಿದ್ದು ಹನ್ನೆರಡು. ತೂಕದ ಯಂತ್ರದ ಮೇಲೆ ನಿಂತವನು ಕೆಳಗಿಳಿದು, ಚಪ್ಪಲಿ ಬಿಟ್ಟು ಮತ್ತೆ ಹತ್ತಿದ. ಚಪ್ಪಲಿಯಿಂದ ಏನೂ ಉಪಕಾರವಾಗಲಿಲ್ಲ.

ಕಿಡ್ನಿ ಡಾಕ್ಟರೇ ಅವನನ್ನು ತೂಕ ಇಳಿಸುವ ಆಪರೇಷನ್ ಮಾಡುವ ಸರ್ಜನ್ ಹತ್ತಿರ ಕಳಿಸಿದರು. ನಲವತ್ತರ ಆಸುಪಾಸಿನ ಹೆಂಗಸು, ಗಟ್ಟಿ ದನಿ. ಅವಳ ಮೇಜಿನ ಮೇಲೆ ರಬ್ಬರಿನ ಹೊಟ್ಟೆ, ರಬ್ಬರಿನ ಕರುಳು.

"ಇದರಲ್ಲಿ ನಾಲ್ಕು ದಾರಿ ಇದೆ" ಎಂದಳು. "ಮೊದಲನೇದು ಪಟ್ಟಿ. ಹೊಟ್ಟೆಯ ಮೇಲ್ಭಾಗಕ್ಕೆ ಸಿಲಿಕಾನಿನ ಉಂಗುರ ಹಾಕ್ತೀವಿ, ಚೀಲದ ಬಾಯಿಗೆ ಲಾಡಿ ಕಟ್ಟಿದ ಹಾಗೆ. ಊಟ ನಿಧಾನವಾಗಿ ಇಳಿಯುತ್ತೆ, ಸ್ವಲ್ಪಕ್ಕೇ ತುಂಬಿದ ಹಾಗೆ ಅನ್ನಿಸುತ್ತೆ. ಚರ್ಮದ ಕೆಳಗೆ ಒಂದು ಗುಂಡಿ ಇರುತ್ತೆ, ಅದಕ್ಕೆ ಸೂಜಿ ಚುಚ್ಚಿ ನೀರು ತುಂಬಿ ಬಿಗಿ ಮಾಡಬಹುದು, ಸಡಿಲ ಮಾಡಬಹುದು. ಆದರೆ ಅದು ಜಾರುತ್ತೆ, ಒಳಗೇ ಕೊರೆಯುತ್ತೆ. ಈಗ ಹೆಚ್ಚು ಕಡಿಮೆ ಯಾರೂ ಹಾಕಲ್ಲ."

ರಬ್ಬರಿನ ಹೊಟ್ಟೆಯನ್ನು ಎತ್ತಿಕೊಂಡು ಬೆರಳಿನಿಂದ ಉದ್ದಕ್ಕೆ ಗೆರೆ ಎಳೆದಳು. "ಇನ್ನೊಂದು, ಹೊಟ್ಟೆಯ ಮುಕ್ಕಾಲು ಭಾಗ ಕತ್ತರಿಸಿ ತೆಗೆದುಬಿಡೋದು. ಬಾಳೆಹಣ್ಣಿನ ಆಕಾರದ ಒಂದು ಕೊಳವೆ ಉಳಿಯುತ್ತೆ. ಅಂಗಿ ತೋಳಿನ ಹಾಗೆ ಇರೋದರಿಂದ ಸ್ಲೀವ್ ಅಂತಾರೆ. ಹಿಡಿಯೋ ಜಾಗ ಕಡಿಮೆ, ಅದು ಸರಿ. ಜೊತೆಗೆ, ಹಸಿವು ಹುಟ್ಟಿಸೋ ಹಾರ್ಮೋನು ಹೆಚ್ಚಾಗಿ ತಯಾರಾಗೋದು ನಾವು ತೆಗೆದುಹಾಕೋ ಭಾಗದಲ್ಲೇ. ಹಾಗಾಗಿ ಹಸಿವೂ ತಗ್ಗುತ್ತೆ. ಆಮೇಲೆ ಬೈಪಾಸು. ಹೊಟ್ಟೆಯ ತುದಿಯಲ್ಲಿ ಮೊಟ್ಟೆಯಷ್ಟು ಸಣ್ಣ ಚೀಲ ಮಾಡಿ, ಅದನ್ನ ನೇರವಾಗಿ ಸಣ್ಣ ಕರುಳಿನ ಕೆಳಭಾಗಕ್ಕೆ ಹೊಲೀತೀವಿ. ಊಟ ಉಳಿದ ಹೊಟ್ಟೆಯನ್ನೂ ಕರುಳಿನ ಮೊದಲ ಭಾಗವನ್ನೂ ಮುಟ್ಟದೆ ಮುಂದೆ ಹೋಗುತ್ತೆ. ಕೊನೇದು ಸ್ವಿಚ್ಚು. ಹೊಟ್ಟೆಯನ್ನೂ ಸ್ಲೀವಿನ ಹಾಗೆ ಕತ್ತರಿಸಿ, ಕರುಳನ್ನೂ ಬಹಳ ಉದ್ದಕ್ಕೆ ತಪ್ಪಿಸೋದು. ತಿಂದದ್ದು ಮೈಗೆ ಹತ್ತೋದೇ ಕಡಿಮೆ."

"ತೂಕ ಬೇಗ ಇಳಿಯೋದು ಯಾವುದರಲ್ಲಿ ಮೇಡಂ?"

"ಹೆಚ್ಚು ಇಳಿಯೋದು ಸ್ವಿಚ್ಚಲ್ಲಿ, ಆಮೇಲೆ ಬೈಪಾಸಲ್ಲಿ."

"ಹಾಗಾದರೆ ಸ್ವಿಚ್ಚೇ ಮಾಡಿ. ನಾಳೆ ಮಾಡಿ."

ಸರ್ಜನ್ ರಬ್ಬರಿನ ಕರುಳನ್ನು ಕೆಳಗಿಟ್ಟಳು. "ಕೇಳಿ. ಕರುಳು ತಪ್ಪಿಸಿದರೆ ಊಟದಲ್ಲಿರೋ ಕೊಬ್ಬು ಪೂರ್ತಿ ಜೀರ್ಣ ಆಗಲ್ಲ. ಅದರಿಂದ ಮೂತ್ರದಲ್ಲಿ ಆಕ್ಸಲೇಟ್ ಅನ್ನೋ ಉಪ್ಪು ಹೆಚ್ಚಾಗುತ್ತೆ. ಅದು ಕಲ್ಲಾಗುತ್ತೆ, ಕಿಡ್ನಿಯನ್ನೇ ಕೆಡಿಸುತ್ತೆ. ಎರಡು ಕಿಡ್ನಿ ಇರೋರಿಗೆ ಅದು ಬೇರೆ ಮಾತು. ನೀವು ಒಂದನ್ನ ಕೊಡೋಕೆ ಹೊರಟೋರು. ನಿಮಗೆ ಸ್ಲೀವ್ ಒಂದೇ. ಅದರಲ್ಲಿ ಇಳಿಯೋಕೆ ಹತ್ತಿರ ಹತ್ತಿರ ಒಂದು ವರ್ಷ ಬೇಕು."

"ಅಕ್ಕನ ಹತ್ತಿರ ಒಂದು ವರ್ಷ ಇದೆಯಾ ಮೇಡಂ?"

ಅವಳು ರಬ್ಬರಿನ ಹೊಟ್ಟೆಯನ್ನು ಮೇಜಿನ ಬದಿಗೆ ಸರಿಸಿದಳು. "ಕತ್ತರಿಸಿದ್ದನ್ನ ಮತ್ತೆ ಅಂಟಿಸೋಕೆ ಬರಲ್ಲ. ಮನೇಲಿ ಮಾತಾಡಿ ಬನ್ನಿ" ಎಂದಳು.

ಮನೆಯಲ್ಲಿ ಮಾತು ಅಷ್ಟು ಸುಲಭವಾಗಿರಲಿಲ್ಲ. "ಇಬ್ಬರಿಗೂ ಏನಾದರೂ ಆದರೆ ನನ್ನ ಕಥೆ ಏನು ರೀ?" ಎಂದು ಹೆಂಡತಿ ಕೇಳಿದಳು. "ಅತ್ತಿಗೆ ಉಳೀಬೇಕು, ಅದು ನನಗೂ ಗೊತ್ತು. ಆದರೆ ಚೆನ್ನಾಗಿರೋ ಹೊಟ್ಟೆ ಕೊಯ್ಸ್ಕೊಂಡು, ಆಮೇಲೆ ಚೆನ್ನಾಗಿರೋ ಕಿಡ್ನಿ ತೆಗೆಸ್ಕೊಂಡು... ನೀವೇನು ಹಳೇ ಗಾಡಿನಾ, ಒಂದೊಂದೇ ಬಿಚ್ಚಿ ಕೊಡೋಕೆ?" ಹೇಳಿ ಮುಖ ತಿರುಗಿಸಿದಳು. ಒಂದು ವಾರ ಮಾತಾಡಲಿಲ್ಲ. ಆಮೇಲೆ ಆಸ್ಪತ್ರೆಗೆ ಒಯ್ಯುವ ಚೀಲಕ್ಕೆ ಬಟ್ಟೆ ಜೋಡಿಸಿದವಳೂ ಅವಳೇ.

ಅಕ್ಕನಂತೂ ಕೆರಳಿ ನಿಂತಳು. "ಯಾರನ್ನ ಕೇಳಿ ಒಪ್ಪಿಕೊಂಡೆ? ನಾನು ತುಂಬಿಸಿದ ಹೊಟ್ಟೆ ಕಣೋ ಅದು!"

"ಅದಕ್ಕೇ ಅಕ್ಕ."

"ಅದಕ್ಕೇ ಅಂದ್ರೆ?"

ಅವನು ತನ್ನ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡ. ಅವಳು ಅದನ್ನೇ ನೋಡುತ್ತ, ಸೋತ ದನಿಯಲ್ಲಿ, "ಮರೀ, ನಾನೇ ನಿನ್ನ ಹೀಗೆ ಮಾಡಿಬಿಟ್ಟೆ ಅಲ್ವಾ?" ಎಂದಳು. ಅವನು ಇಲ್ಲ ಅನ್ನಲು ತಡಮಾಡಿದ. ಆ ತಡ ಇಬ್ಬರಿಗೂ ಕೇಳಿಸಿತು.

ಆಪರೇಷನ್ನಿಗೆ ಮುಂಚೆ ಎರಡು ವಾರ ಬರೀ ನೀರು, ಸೂಪು, ಪ್ರೋಟೀನ್ ಪುಡಿ ಕಲಸಿದ ಹಾಲು. ದಪ್ಪ ಮೈಯವರ ಲಿವರ್ ಊದಿಕೊಂಡು ಹೊಟ್ಟೆಯನ್ನು ಮುಚ್ಚಿರುತ್ತದಂತೆ, ಅದು ಕುಗ್ಗಿದರೆ ಮಾತ್ರ ಒಳಗೆ ದಾರಿ. ಆಮೇಲೆ ಹೊಟ್ಟೆಯ ಮೇಲೆ ನಾಲ್ಕೈದು ಸಣ್ಣ ತೂತು ಮಾಡಿ, ಗಾಳಿ ತುಂಬಿ ಉಬ್ಬಿಸಿ, ಕ್ಯಾಮೆರಾ ಇಳಿಸಿ, ಸ್ಟೇಪ್ಲರ್‌ನಲ್ಲಿ ಕತ್ತರಿಸುತ್ತ ಹೊಲಿಯುತ್ತ ಅವನ ಹೊಟ್ಟೆಯ ಮುಕ್ಕಾಲನ್ನು ಆಚೆ ತೆಗೆದರು. ಎಚ್ಚರವಾದಾಗ ಭುಜ ನೋಯುತ್ತಿತ್ತು. ಹೊಟ್ಟೆ ಕೊಯ್ದರೆ ಭುಜ ಯಾಕೆ ನೋಯಬೇಕು? ಒಳಗೆ ಉಳಿದ ಗಾಳಿಯ ಕಾಟ ಎಂದರು. ಎಬ್ಬಿಸಿ ನಡೆಸಿದರು. ಔಷಧಿ ಕುಡಿಯುವ ಪುಟ್ಟ ಬಟ್ಟಲಿನಲ್ಲಿ ನೀರು ಕೊಟ್ಟರು. ಎರಡು ಗುಟುಕಿಗೇ ಎದೆಯ ಮಧ್ಯೆ ಬಿಗಿದುಕೊಂಡಿತು. ಒಂದೇ ಉಸಿರಿಗೆ ಒಂದು ಚೊಂಬು ಎತ್ತಿ ಕುಡಿಯುತ್ತಿದ್ದವನು ಆ ಬಟ್ಟಲನ್ನು ಮುಗಿಸಲಾರದೆ ಕೈಯಲ್ಲಿ ಹಿಡಿದು ಕೂತ.

ಹಸಿವು ತಗ್ಗುತ್ತದೆ ಎಂದದ್ದು ನಿಜ. ಹೊಟ್ಟೆ ಕೇಳಲಿಲ್ಲ. ಕೇಳಿದ್ದು ತಲೆ. ಮನೆಗೆ ಬಂದ ಎರಡನೇ ವಾರ, ಇನ್ನೂ ತೆಳ್ಳಗಿನದ್ದೇ ಕುಡಿಯಬೇಕಾದ ಕಾಲದಲ್ಲಿ, ಅಕ್ಕನ ಮನೆಗೆ ಹೋದ. ಅವಳು ಅವತ್ತು ಡಯಾಲಿಸಿಸ್ ಮುಗಿಸಿ ಬಂದಿದ್ದಳು, ತುಟಿ ಬೂದಿ ಬಣ್ಣ. ತಮ್ಮನ ಜೋಲುಬಿದ್ದ ಕೆನ್ನೆ ನೋಡಿ ಅವಳಿಗೆ ತಡೆಯಲಾಗಲಿಲ್ಲ. ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಹೋಗಿ, ಹಾಲಿನಲ್ಲಿ ಬ್ರೆಡ್ಡು ನೆನೆಸಿ ತಂದಳು. "ಮೆತ್ತಗಿದೆ ಕಣೋ. ಎರಡೇ ತುತ್ತು."

ಬೇಡ ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಎರಡು ತುತ್ತು ತಿಂದ. ಮೂರನೆಯದನ್ನು ಅವಳು ಹೇಳದೆ ತಾನಾಗಿಯೇ ತಿಂದ. ಸ್ವಲ್ಪ ಹೊತ್ತಿಗೆ ಎದೆಯಲ್ಲಿ ಕಲ್ಲು ಕೂತ ಹಾಗಾಯಿತು, ಬೆವರು ಕಿತ್ತುಕೊಂಡಿತು, ಬಾಯಲ್ಲಿ ನೊರೆ ನೊರೆ. ವಾಂತಿ ನಿಲ್ಲಲಿಲ್ಲ. ಹೊಲಿಗೆ ಬಿಚ್ಚಿ ಒಳಗೆ ಸೋರಿದರೆ ಜೀವಕ್ಕೇ ಅಪಾಯ ಎಂದು ಮೊದಲೇ ಹೇಳಿದ್ದರು. ಆಂಬುಲೆನ್ಸಿನಲ್ಲಿ ಅಕ್ಕ ಅವನ ಪಾದ ಹಿಡಿದುಕೊಂಡು ಕೂತಿದ್ದಳು, ಇಬ್ಬರಲ್ಲಿ ರೋಗಿ ಯಾರು ಎಂದು ನರ್ಸಿಗೆ ಗೊತ್ತಾಗಲಿಲ್ಲ. ಸ್ಕ್ಯಾನಿನಲ್ಲಿ ಹೊಲಿಗೆ ಗಟ್ಟಿಯಾಗಿಯೇ ಇತ್ತು. ಡ್ರಿಪ್ ಹಾಕಿ ಮಲಗಿಸಿದರು. ಸರ್ಜನ್ ಬೈದದ್ದು ಅವನಿಗೆ, ತಲೆ ತಗ್ಗಿಸಿದ್ದು ಅಕ್ಕ. ಅವತ್ತಿನಿಂದ ಅವಳು ಅವನ ಮುಂದೆ ಒಂದು ಲೋಟವನ್ನೂ ಇಡಲಿಲ್ಲ. ಅವನು ಹೋದರೆ ಇಬ್ಬರೂ ಬರಿಗೈಯಲ್ಲಿ ಎದುರುಬದುರು ಕೂರುತ್ತಿದ್ದರು.

ತೂಕ ಮಾತ್ರ ಇಳಿಯಿತು. ಬೆಲ್ಟಿಗೆ ತೂತಿನ ಮೇಲೆ ತೂತು ಬಿತ್ತು. ಕೂದಲು ಬಾಚಣಿಗೆ ತುಂಬ ಬಂತು. ವರ್ಕ್‌ಶಾಪಿನಲ್ಲಿ ಮಾಲೀಕ ಸೀಟು ಪರೀಕ್ಷೆಗೆ ಅವನನ್ನು ಕರೆಯುವುದನ್ನು ಬಿಟ್ಟ, ಎಲ್ಲರೂ ಕೂಡಿ ಒಂದು ದಿನ, ಒಳಗಿನ ಫೋಮು ಹೋಯಿತೆಂದು, ಅವನಿಗೆ 'ಹೊದಿಕೆ' ಎಂದು ಹೊಸ ಹೆಸರಿಡಲು ನೋಡಿದರು. ಅವನು ನಗಲಿಲ್ಲವಾದ್ದರಿಂದ ಆ ಹೆಸರು ಚಾಲ್ತಿಗೆ ಬರಲಿಲ್ಲ. ನೂರ ಎಂಟಕ್ಕೆ ಬಂದ ಮೇಲೆ ತೂಕದ ಮುಳ್ಳು ಅಂಟಿಕೊಂಡುಬಿಟ್ಟಿತು. ಆ ವಾರ, ಮುಂದಿನ ವಾರ, ಅದರ ಮುಂದಿನ ವಾರ, ಅದೇ ನೂರ ಎಂಟು.

ಆಗಲೇ ಅಕ್ಕನ ಕುತ್ತಿಗೆಯ ನಳಿಕೆಯಿಂದ ಸೋಂಕು ರಕ್ತಕ್ಕೆ ಹತ್ತಿತು. ಐಸಿಯುನಲ್ಲಿ ಮಲಗಿಸಿದರು. ಜ್ವರದಲ್ಲಿ ಅವಳು ತಮ್ಮನನ್ನು ಅಪ್ಪ ಎಂದು ಕರೆದಳು. ಬದುಕಿಕೊಂಡಳು, ಆದರೆ ಕಿಡ್ನಿ ಡಾಕ್ಟರು ಮುಚ್ಚಿಡಲಿಲ್ಲ. "ನಳಿಕೆ ಇಡೋಕೆ ಇನ್ನು ಹೆಚ್ಚು ಜಾಗ ಉಳಿದಿಲ್ಲ."

"ಹಾಗಾದರೆ ಈಗಲೇ ತೆಗೀರಿ ಸಾರ್. ಎಂಟು ಕಿಲೋ ತಾನೇ? ಕಾಲು ಬೇಕಾದರೆ ಕತ್ತರಿಸಿಕೊಡ್ತೀನಿ, ಆಗ ಸರಿಹೋಗತ್ತಾ?"

"ಕೂತ್ಕೊಳ್ಳಿ."

"ಕೂರಲ್ಲ! ನೀವು ತೂಕ ನೋಡ್ತಾ ಇರಿ, ಅವಳು ಸಾಯ್ತಾ ಇರಲಿ!" ಎಂದು ಕೂಗಿದ. ಪಕ್ಕದ ಕೋಣೆಯಿಂದ ಯಾರೋ ಇಣುಕಿದರು. ಅವನು ಡಾಕ್ಟರ ಕಾಲು ಹಿಡಿಯಲು ಬಗ್ಗಿದ, ಅವರು ಹಿಂದೆ ಸರಿದರು.

ಅಲ್ಲಿಂದ ಅವನು ತಿನ್ನುವುದನ್ನೇ ಬಿಟ್ಟ. ಸೂಪು ಬಿಟ್ಟ, ಮೊಟ್ಟೆ ಬಿಟ್ಟ, ನೀರೂ ಬಾಯಿ ಒದ್ದೆಯಾಗುವಷ್ಟೇ. ಬಿಸಿಲಲ್ಲಿ ರೆಕ್ಸಿನ್ ಹೊರೆಗಳನ್ನು ತಾನೇ ಹೊತ್ತು ಬೆವರಿದ. ತೂಕದ ಯಂತ್ರ ಕೊನೆಗೂ ಕದಲಿತು. ನೂರ ಐದು. ನೂರ ಮೂರು. ಹೆಂಡತಿ ಬೇಡಿಕೊಂಡಳು, ಬೈದಳು, ಕೊನೆಗೆ ಲೋಟ ಹಿಡಿದು ಹಿಂದೆ ಹಿಂದೆ ಬಂದಳು. ಅವನು ಕುಡಿದ ಹಾಗೆ ಮಾಡಿ ಚೆಲ್ಲಿದ. ತೊಂಬತ್ತೊಂಬತ್ತು ಬಂದ ದಿನ ಕಣ್ಣು ಕತ್ತಲೆ ಬರುತ್ತಿದ್ದರೂ ಬಸ್ಸು ಹಿಡಿದು ನೇರವಾಗಿ ಆಸ್ಪತ್ರೆಗೆ ಹೋಗಿ, ರಕ್ತ ಕೊಟ್ಟು, ಗೆದ್ದವನ ಹಾಗೆ ಬೆಂಚಿನ ಮೇಲೆ ಕೂತ.

ಡಾಕ್ಟರು ರಿಪೋರ್ಟನ್ನು ಎರಡು ಸಲ ಓದಿದರು. ಅವರ ಮುಖ ಕೆಂಪಾಯಿತು.

"ನೀರು ಕುಡಿದು ಎಷ್ಟು ದಿನ ಆಯ್ತು?"

ಅವನು ಒಣಗಿದ ತುಟಿಯನ್ನು ನಾಲಗೆಯಿಂದ ಸವರಿಕೊಂಡ.

"ನಿಮ್ಮ ಕ್ರಿಯಾಟಿನಿನ್ ಎರಡರಷ್ಟಾಗಿದೆ. ಅಂದರೆ ನಿಮ್ಮ ಕಿಡ್ನಿ ಒಣಗ್ತಾ ಇದೆ. ಗೊತ್ತಾಯ್ತಾ? ಅಕ್ಕನಿಗೆ ಕೊಡಬೇಕು ಅಂತಿದ್ದ ವಸ್ತುವನ್ನೇ ನೀವು ಹಾಳು ಮಾಡ್ತಾ ಇದೀರಿ."

ದಿಂಬಣ್ಣ ಗೋಡೆಗೆ ಒರಗಿ ಜಾರಿ ನೆಲದ ಮೇಲೆ ಕೂತುಬಿಟ್ಟ. ಅಳಲು ಕಣ್ಣಲ್ಲಿ ನೀರೂ ಇರಲಿಲ್ಲ. ಬರೀ ಶಬ್ದ ಬಂತು. ತಿಂದೂ ಕೊಂದೆ, ತಿನ್ನದೆಯೂ ಕೊಂದೆ ಎಂದೇನೋ ಅಂದ ಎಂದು ಆಮೇಲೆ ನರ್ಸು ಹೇಳಿದಳು. ಅವನಿಗೆ ನೆನಪಿಲ್ಲ.

ಅವನನ್ನು ಅಲ್ಲೇ ಸೇರಿಸಿಕೊಂಡರು. ಡ್ರಿಪ್ ಹಾಕಿದರು. ಅಕ್ಕ ಇನ್ನೂ ಅದೇ ಆಸ್ಪತ್ರೆಯಲ್ಲಿ ಒಂದು ಮಹಡಿ ಮೇಲಿದ್ದಳು, ಯಾರೋ ಸುದ್ದಿ ಮುಟ್ಟಿಸಿದರು. ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಂದಾಗ ಅವಳ ಕೈಯಲ್ಲಿ ನೀರಿನ ಪುಟ್ಟ ಬಟ್ಟಲಿತ್ತು. ಅವಳಿಗೆ ದಿನಕ್ಕೆ ಕುಡಿಯಲು ಅಳತೆ ಮಾಡಿ ಕೊಡುವ ನೀರು ಅದು.

"ನಾನು ಒಂದು ಮಾತು ಹೇಳ್ತೀನಿ, ಕೇಳು" ಎಂದಳು. "ನಿನ್ನ ಕಿಡ್ನಿ ನನಗೆ ಬೇಕು. ಇಷ್ಟು ದಿನ ಬೇಡ ಬೇಡ ಅಂದೆ, ಸುಳ್ಳು. ನನಗೆ ಬದುಕಬೇಕು ಕಣೋ. ಭಯ ಆಗತ್ತೆ ನನಗೆ. ನನ್ನದು ಅಂತ ಒಂದು ವಸ್ತು ನಿನ್ನ ಹತ್ತಿರ ಇದೆ, ಅದನ್ನ ಸರಿಯಾಗಿ ನೋಡ್ಕೋ. ಕುಡಿ."

ಹುಟ್ಟಿದಾಗಿನಿಂದ ಅವಳು ತನಗಾಗಿ ಏನನ್ನಾದರೂ ಕೇಳಿದ್ದನ್ನು ಅವನು ಕಂಡಿರಲಿಲ್ಲ. ಬಟ್ಟಲು ತೆಗೆದುಕೊಂಡು ಗುಟುಕು ಗುಟುಕಾಗಿ ಕುಡಿದ. ಮುಗಿಯುವ ತನಕ ಅವಳು ಕಣ್ಣು ಕೀಳಲಿಲ್ಲ.

ರಕ್ತದ ಲೆಕ್ಕ ಕೆಲವು ವಾರಗಳಲ್ಲಿ ಮೊದಲಿನ ಮಟ್ಟಕ್ಕೆ ಬಂತು. ನೀರು ಕುಡಿದ ಮೇಲೆ ತೂಕ ಮತ್ತೆ ನೂರ ಐದಕ್ಕೆ ಹೋಯಿತು, ಆಮೇಲೆ ತನ್ನ ಪಾಡಿಗೆ ತಾನು, ಆಮೆಯ ಹಾಗೆ ಇಳಿಯಿತು. ಆ ತಿಂಗಳುಗಳಲ್ಲಿ ಅಕ್ಕನಿಗೆ ತೊಡೆಯಲ್ಲಿ ನಳಿಕೆ ಇಟ್ಟರು. ಫೋನು ಹೊಡೆದುಕೊಂಡರೆ ದಿಂಬಣ್ಣನ ಹೊಲಿಗೆ ತಪ್ಪುತ್ತಿತ್ತು. ಊಟದ ಹೊತ್ತಿಗೆ ಅರ್ಧ ಮೊಟ್ಟೆ, ಎರಡು ಚಮಚ ಮೊಸರು, ಅಷ್ಟನ್ನೂ ಹೆಂಡತಿಯ ಎದುರೇ ತಿಂದು, ಬಾಯಿ ತೆರೆದು ತೋರಿಸಬೇಕಿತ್ತು. ತೊಂಬತ್ತೇಳಕ್ಕೆ ನಿಂತಾಗ ಪರೀಕ್ಷೆಗಳನ್ನೆಲ್ಲ ಹೊಸದಾಗಿ ಮಾಡಿದರು. ಡಾಕ್ಟರು ಹೂಂ ಎಂದರು. ಅಷ್ಟೇ, ಒಂದು ಹೂಂ.

ಅಕ್ಕಪಕ್ಕದ ಎರಡು ಕೋಣೆಗಳಲ್ಲಿ ಆಪರೇಷನ್ ಆಯಿತು. ಅವನ ಎಡ ಕಿಡ್ನಿ ಅವಳ ಬಲ ಕಿಬ್ಬೊಟ್ಟೆಗೆ ಹೋಯಿತು. ಹೆಂಡತಿ ಎರಡೂ ಬಾಗಿಲುಗಳ ನಡುವೆ ನಿಂತಿದ್ದಳು, ಕುರ್ಚಿ ಇದ್ದರೂ ಕೂರಲಿಲ್ಲ. ಆದರೆ ಒಳಗೆ ಹೋದ ಕಿಡ್ನಿ ಕೆಲಸ ಶುರುಮಾಡಲಿಲ್ಲ. ಮೊದಲ ದಿನ ಇಲ್ಲ, ಮರುದಿನವೂ ಇಲ್ಲ. ಹೀಗೂ ಆಗುವುದುಂಟು, ಮಲಗಿರುತ್ತದೆ, ಏಳುತ್ತದೆ ಎಂದರು ಡಾಕ್ಟರು. ಅಕ್ಕನಿಗೆ ಮತ್ತೆ ಡಯಾಲಿಸಿಸ್ ಹಾಕಿದರು. ದಿಂಬಣ್ಣ ಕೊಯ್ದ ಬದಿಯನ್ನು ಹಿಡಿದುಕೊಂಡು, ಗೋಡೆಗೆ ಕೈ ಕೊಟ್ಟು ನಡೆದು ಹೋಗಿ, ಅವಳ ಮಂಚದ ಕೆಳಗೆ ನೇತಾಡುವ ಮೂತ್ರದ ಚೀಲ ನೋಡಿ ಬರುತ್ತಿದ್ದ. ಖಾಲಿ. ನೀರು ಕುಡಿಯದೆ ಒಣಗಿಸಿದ ಆ ದಿನಗಳು ನೆನಪಾಗಿ ಅವನಿಗೆ ಬದುಕೇ ಬೇಡವಾಯಿತು. ಯಾರಿಗೂ ಹೇಳಲಿಲ್ಲ. ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಚೀಲದ ತಳದಲ್ಲಿ ಹಳದಿ ಕಂಡಿತು. ಸಂಜೆಗೆ ಅರ್ಧ ತುಂಬಿತು. ಹೆಂಡತಿ ಅದನ್ನು ನೋಡಿ ಅತ್ತಳು, ನರ್ಸು ಅದನ್ನು ಅಳತೆ ಜಾಡಿಗೆ ಸುರಿದು ಗಟ್ಟಿಯಾಗಿ ಓದಿ ಹೇಳಿದಳು.

ಅಲ್ಲಿಗೆ ಎಲ್ಲ ಸರಿಹೋಯಿತು ಎನ್ನುವ ಹಾಗಿಲ್ಲ. ಮೂರನೇ ತಿಂಗಳಲ್ಲಿ ಅಕ್ಕನ ಮೈ ಆ ಕಿಡ್ನಿಯನ್ನು ಪರಕೀಯ ಎಂದು ತಳ್ಳಲು ನೋಡಿತು. ಬಲವಾದ ಔಷಧಿ ಕೊಟ್ಟು ಸಮಾಧಾನ ಮಾಡಿದರು. ಕ್ರಿಯಾಟಿನಿನ್ ಇರಬೇಕಾದ್ದಕ್ಕಿಂತ ಸ್ವಲ್ಪ ಮೇಲೆಯೇ ನಿಂತಿತು. ಎಷ್ಟು ವರ್ಷ ನಡೆಯುತ್ತದೆ ಎಂದು ಕೇಳಿದರೆ ಡಾಕ್ಟರು ಯಾರಿಗೆ ಗೊತ್ತು ಎನ್ನುವ ಹಾಗೆ ಕೈ ತಿರುಗಿಸಿದರು. ಅಕ್ಕ ಲಾಂಡ್ರಿಗೆ ಮತ್ತೆ ಹೋಗಲಿಲ್ಲ. ದಿಂಬಣ್ಣನ ಹೊಟ್ಟೆಯ ಚರ್ಮ ಖಾಲಿ ಚೀಲದ ಹಾಗೆ ಜೋತು ಬಿದ್ದಿತ್ತು. ಬೇಸರವಾದಾಗ ಕೈ ಈಗಲೂ ಬ್ರೆಡ್ಡಿನ ಕಡೆ ಹೋಗುತ್ತದೆ. ಎರಡನೇ ತುತ್ತಿಗೆ ಎದೆ ಬಿಗಿಯುತ್ತದೆ, ಬೇಸರ ಮಾತ್ರ ಹಾಗೇ ಉಳಿಯುತ್ತದೆ.

ತಿಂಗಳಿಗೊಮ್ಮೆ ಇಬ್ಬರೂ ರಕ್ತ ಕೊಡಲು ಆಸ್ಪತ್ರೆಗೆ ಒಟ್ಟಿಗೆ ಹೋಗುತ್ತಾರೆ. ಕಳೆದ ಸಲ ಫಲಿತಾಂಶ ತಡವಾಯಿತು. ಬೆಂಚಿನ ಮೇಲೆ ಅಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಬಿಚ್ಚುತ್ತ ಕೂತಿದ್ದಳು. ಕಿಟಕಿಯಲ್ಲಿ ಅವಳ ಹೆಸರು ಕೂಗಿದಾಗ ಅವಳು ಏಳಲಿಲ್ಲ, ತಮ್ಮನ ತೋಳು ಹಿಡಿದುಕೊಂಡಳು. ಅವನೇ ಹೋಗಿ ಕಾಗದ ತಂದ.

"ಎಷ್ಟಂತೆ?"

"ಹೋದ ತಿಂಗಳಷ್ಟೇ."

"ಏರಿಲ್ಲ ತಾನೇ?"

"ಏರಿಲ್ಲ ಅಕ್ಕ."

ಅವಳು ಉಸಿರು ಬಿಟ್ಟು ಚೀಲ ಎತ್ತಿಕೊಂಡಳು. ಬಸ್ಸಿನಲ್ಲಿ ಜಾಗ ಸಿಗಲಿಲ್ಲ, ಇಬ್ಬರೂ ನಿಂತುಕೊಂಡೇ ಮನೆಗೆ ಹೋದರು.